ನೀಲಾಂಜನೆಯ ನೃತ್ಯಪ್ರಸಂಗದಲ್ಲಿ ಅಪ್ರಮಾದ ವಿಚಾರ

ಆದಿಕವಿ ಪಂಪನು ಕ್ರಿ.ಶ. 941ರಲ್ಲಿ ರಚಿಸಿ ಮುಗಿಸಿದ ‘ಆದಿಪುರಾಣ’ದ ಹದಿನಾರು ಆಶ್ವಾಸಗಳಲ್ಲಿ, ಭರತ-ಬಾಹುಬಲಿಯರ ಕಥೆಯೊಂದನ್ನು ಬಿಟ್ಟರೆ, ನೀಲಾಂಜನೆಯ ನೃತ್ಯಪ್ರಸಂಗದಷ್ಟು ಜನಜನಿತವಾದ ಭಾಗ ಮತ್ತೊಂದಿಲ್ಲ. ಕಥೆ ಎಲ್ಲ ಶ್ರಾವಕರಿಗೂ ವಿದಿತವೇ. ಆದಿದೇವನ ಆಯುಷ್ಯದ ಎಂಬತ್ತನಾಲ್ಕು ಲಕ್ಷ ಪೂರ್ವಗಳಲ್ಲಿ ಎಂಬತ್ತಮೂರು ಲಕ್ಷ ಪೂರ್ವಗಳು ಸಂಸಾರಭೋಗದಲ್ಲಿಯೇ ಸಂದುಹೋಗಿವೆ. ಪರಿನಿಷ್ಕ್ರಮಣದ ಕಾಲ ಒದಗಿದರೂ ಸ್ವಾಮಿಯ ಚಿತ್ತ ಇನ್ನೂ ಸಂಸಾರದಿಂದ ತಿರುಗಿಲ್ಲ. ದೇವೇಂದ್ರನು ಸಪರಿವಾರನಾಗಿ ಅಯೋಧ್ಯೆಗೆ ಬಂದು, ಆಯುಷ್ಯ ತೀರುತ್ತ ಬಂದಿರುವ ನೀಲಾಂಜನೆಯೆಂಬ ದೇವನರ್ತಕಿಯನ್ನು ಸಭೆಯಲ್ಲಿ ನರ್ತಿಸಲು ನಿಯೋಜಿಸುತ್ತಾನೆ. ನೃತ್ಯದ ನಡುವೆಯೇ ಅವಳು ಮಿಂಚಿನಂತೆ ಅಳಿಯುತ್ತಾಳೆ. ರಸಭಂಗವಾದೀತೆಂದು ಇಂದ್ರನು ಆ ಕ್ಷಣದಲ್ಲಿಯೇ ಅಂಥದೇ ಇನ್ನೊಂದು ರೂಪವನ್ನು ನಿರ್ಮಿಸಿ ನೃತ್ಯವನ್ನು ಮುಂದುವರಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ಆದಿದೇವನಿಗೆ ತಿಳಿಯುತ್ತದೆ.

ಈ ಸನ್ನಿವೇಶವನ್ನು ಅನಿತ್ಯಾನುಪ್ರೇಕ್ಷೆಯ ನಿದರ್ಶನವೆಂದು ವಿವರಿಸುವುದು ರೂಢಿ. ಪಠ್ಯಪುಸ್ತಕಗಳ ಟಿಪ್ಪಣಿಗಳಾಗಲಿ ಬಸದಿಯ ಪ್ರವಚನಗಳಾಗಲಿ ಹೆಚ್ಚುಕಡಿಮೆ ಇದೊಂದೇ ಮಾತಿನಲ್ಲಿ ನಿಲ್ಲುತ್ತವೆ. ಅದು ತಪ್ಪೇನೂ ಅಲ್ಲ. ರೂಪ, ಧನ, ವೈಭವಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಅಡಗುವವೆಂಬ ಭಾವನೆ ಪಂಪನಿಗಿಂತ ಬಹು ಹಿಂದೆಯೇ ಕನ್ನಡದ ಕಲ್ಲಿನಲ್ಲಿ ಮೂಡಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ನಂದಿಸೇನ ಮುನಿಯ ಶಾಸನ ಅದಕ್ಕೆ ಸಾಕ್ಷಿ. ಆದರೆ ಅನಿತ್ಯತೆಯನ್ನು ತೋರಿಸುವುದೊಂದೇ ಕಾವ್ಯದ ಉದ್ದೇಶವಾಗಿದ್ದಲ್ಲಿ ನರ್ತಕಿಯ ಮರಣವೊಂದೇ ಸಾಕಿತ್ತು. ಅವಳು ಅಳಿದೊಡನೆ ಮೃದಂಗ ನಿಲ್ಲುತ್ತಿತ್ತು. ಸಭೆಗೆ ಸಭೆಯೇ ಬೆಚ್ಚಿಬಿದ್ದು ಬಾಳಿನ ನಶ್ವರತೆಯನ್ನು ಕುರಿತು ನಿಟ್ಟುಸಿರಿಡುತ್ತಿತ್ತು. ಹಾಗಿರುವಲ್ಲಿ ಎರಡನೆಯ ನೀಲಾಂಜನೆ ಏಕೆ ಬೇಕಾದಳು? ಕಥೆಯ ಈ ಅರ್ಧವನ್ನು ವಿವರಣಕಾರರು ಇಂದ್ರನ ಚಮತ್ಕಾರವೆಂದು ಹೇಳಿ ದಾಟಿಬಿಡುತ್ತಾರೆ. ಪ್ರಸಂಗದ ತಿರುಳಿರುವುದು ಆ ಅರ್ಧದಲ್ಲಿಯೇ.

ಎರಡನೆಯ ರೂಪ ಬಂದು ನಿಂತುದರಿಂದ ಮರಣವೆಂಬುದು ಮರೆಯಾಯಿತು. ಉಳಿದುದು ಒಂದು ಸಂಧಿ, ಎರಡು ರೂಪಗಳ ನಡುವಣ ಅತ್ಯಲ್ಪವಾದ ಬಿರುಕು. ಸಭೆಯಲ್ಲಿದ್ದವರೆಲ್ಲರ ಕಣ್ಣೂ ಅವಳ ಮೇಲೆಯೇ ಇತ್ತು. ಯಾರೂ ತೂಕಡಿಸುತ್ತಿರಲಿಲ್ಲ, ಯಾರ ಮನಸ್ಸೂ ಮನೆಯ ಕಡೆಗೆ ಹೋಗಿರಲಿಲ್ಲ. ನೋಡದವರು ಒಬ್ಬರೂ ಇಲ್ಲದ ಸಭೆಯಲ್ಲಿ ಕಂಡವನು ಒಬ್ಬನೇ ಎಂಬುದನ್ನು ಪಂಪನೂ, ಅವನಿಗೆ ಆಕರವಾದ ‘ಮಹಾಪುರಾಣ’ದ ಕರ್ತೃ ಜಿನಸೇನಾಚಾರ್ಯರೂ ಮರೆಯದೆ ಹೇಳಿದ್ದಾರೆ.

ಇಲ್ಲೊಂದು ಆಕ್ಷೇಪಣೆಗೆ ಎಡೆಯಿದೆ. ತೀರ್ಥಂಕರರಿಗೆ ಮತಿ, ಶ್ರುತ, ಅವಧಿಗಳೆಂಬ ಮೂರು ಜ್ಞಾನಗಳು ಗರ್ಭದಿಂದಲೇ ಇರುತ್ತವೆ. ಆದ್ದರಿಂದ ಸ್ವಾಮಿಯು ಕಂಡುದರಲ್ಲಿ ಅಚ್ಚರಿಯೇನು, ಸಾಮಾನ್ಯ ಗೃಹಸ್ಥನಿಗೆ ಅದರಿಂದ ಕಲಿಯತಕ್ಕದ್ದೇನು ಎಂದು ಕೇಳಬಹುದು. ಈ ಆಕ್ಷೇಪಣೆಯು ಮೇಲ್ನೋಟಕ್ಕೆ ಬಲವಾಗಿ ಕಂಡರೂ ನಿಲ್ಲತಕ್ಕದ್ದಲ್ಲ. ಆ ಸಭೆಯಲ್ಲಿ ಇಂದ್ರನ ಪರಿವಾರದ ದೇವತೆಗಳೂ ಇದ್ದರು. ದೇವಗತಿಯಲ್ಲಿ ಹುಟ್ಟಿದವರಿಗೆ ಅವಧಿಯು ಭವಪ್ರತ್ಯಯವಾದುದು, ಎಂದರೆ ಹುಟ್ಟಿನೊಡನೆಯೇ ಬಂದದ್ದು ಎಂಬುದು ‘ತತ್ತ್ವಾರ್ಥಸೂತ್ರ’ದ ಮೊದಲ ಅಧ್ಯಾಯವನ್ನು ಓದಿದ ಬಾಲಕರಿಗೂ ಗೊತ್ತು. ಅವಧಿಯೊಂದೇ ಕಾರಣವಾಗಿದ್ದರೆ ಅವರೂ ಕಾಣಬೇಕಾಗಿತ್ತು. ಇತ್ತ ಸ್ವಾಮಿಗಾದರೋ ಆ ಜ್ಞಾನವು ಎಂಬತ್ತಮೂರು ಲಕ್ಷ ಪೂರ್ವಗಳ ಕಾಲವೂ ಇದ್ದೇ ಇತ್ತು. ಅದು ಅಲ್ಲಿಯವರೆಗೆ ಅವನನ್ನು ಸಿಂಹಾಸನದಿಂದ ಎಬ್ಬಿಸಲಿಲ್ಲ.

ಅದೇ ಸೂತ್ರಗ್ರಂಥದ ಎರಡನೆಯ ಅಧ್ಯಾಯದಲ್ಲಿ ಭಾವೇಂದ್ರಿಯವನ್ನು ಲಬ್ಧಿ, ಉಪಯೋಗಗಳೆಂದು ಎರಡಾಗಿ ವಿಂಗಡಿಸಿರುವುದನ್ನು ಇಲ್ಲಿ ನೆನೆಯಬೇಕು. ಕಾಣಬಲ್ಲ ಶಕ್ತಿ ಲಬ್ಧಿ. ಆ ಶಕ್ತಿಯನ್ನು ವಸ್ತುವಿನ ಮೇಲೆ ತೊಡಗಿಸುವುದು ಉಪಯೋಗ. ಪೆಟ್ಟಿಗೆಯಲ್ಲಿ ಹಣವಿರುವುದು ಬೇರೆ, ಅದು ವ್ಯವಹಾರದಲ್ಲಿ ತೊಡಗಿರುವುದು ಬೇರೆ. ಛದ್ಮಸ್ಥನಿಗೆ ಒಂದು ಕಾಲದಲ್ಲಿ ಒಂದೇ ಉಪಯೋಗವೆಂಬುದು ಸಿದ್ಧಾಂತ. ಸಭೆಯ ಉಪಯೋಗವೆಲ್ಲವೂ ರಸದಲ್ಲಿ ತೊಡಗಿತ್ತು. ಆದ್ದರಿಂದ ರಸವು ಮುರಿಯದಿರುವವರೆಗೆ ಅವರ ಪಾಲಿಗೆ ಏನೂ ಮುರಿಯಲಿಲ್ಲ. ಇಂದ್ರನ ಲೆಕ್ಕಾಚಾರ ಇದನ್ನೇ ನೆಚ್ಚಿಕೊಂಡಿತ್ತು.

ಈಚಿನ ದಶಕಗಳಲ್ಲಿ ವರ್ತಮಾನ ಕ್ಷಣದಲ್ಲಿ ಬದುಕಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಅದಕ್ಕಾಗಿ ಶಿಬಿರಗಳು ನಡೆಯುತ್ತವೆ, ಪುಸ್ತಕಗಳು ಮಾರಾಟವಾಗುತ್ತವೆ, ಮೊಬೈಲ್ ಫೋನಿನಲ್ಲಿ ಗಂಟೆ ಬಾರಿಸಿ ಉಸಿರನ್ನು ನೆನಪಿಸುವ ಸಲಕರಣೆಗಳೂ ಬಂದಿವೆ. ಹಳೆಯದನ್ನು ನೆನೆದು ಕೊರಗದೆ, ಮುಂದಿನದಕ್ಕೆ ಹೆದರದೆ ಇರುವುದು ಒಳ್ಳೆಯದೇ. ಆದರೆ ಅಂಗಡಿ ಬೀದಿಗೆ ಬಂದಿರುವ ಈ ಉಪದೇಶದಲ್ಲಿ ಬಹುಪಾಲು ಹೇಳುವುದು ಕ್ಷಣದಲ್ಲಿ ಮುಳುಗಬೇಕೆಂದು; ಉಣ್ಣುವಾಗ ರುಚಿಯಲ್ಲಿ, ಕೇಳುವಾಗ ರಾಗದಲ್ಲಿ ಕರಗಿಹೋಗಬೇಕೆಂದು. ಆ ಲಕ್ಷಣವನ್ನು ಒಪ್ಪುವುದಾದರೆ ಅಯೋಧ್ಯೆಯ ಆ ಸಭೆಯಷ್ಟು ಸಂಪೂರ್ಣವಾಗಿ ವರ್ತಮಾನದಲ್ಲಿ ಬದುಕಿದವರು ಯಾರೂ ಇಲ್ಲ. ಜೈನಾಗಮವು ಅದಕ್ಕೆ ಕೊಟ್ಟಿರುವ ಹೆಸರು ಪ್ರಮಾದ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ ಪ್ರಮಾದಗಳನ್ನು ಹದಿನೈದೆಂದು ಎಣಿಸಿದೆ: ವಿಕಥೆ ನಾಲ್ಕು, ಕಷಾಯ ನಾಲ್ಕು, ಇಂದ್ರಿಯ ಐದು, ನಿದ್ರೆಯೊಂದು, ಪ್ರಣಯವೊಂದು. ನಿದ್ರೆಯ ಪಾಲು ಹದಿನೈದರಲ್ಲಿ ಒಂದೇ ಎಂಬುದು ಗಮನಾರ್ಹ. ಉಳಿದ ಹದಿನಾಲ್ಕೂ ಎಚ್ಚರಿರುವವನ ಪ್ರಮಾದಗಳು. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಸೂತ್ರಕಾರರು ಪ್ರಾಣಹರಣದ ಹಿಂದಿರುವ ಪ್ರಮತ್ತಯೋಗವನ್ನೇ ಮೊದಲು ಇಟ್ಟಿದ್ದಾರೆ. ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನ ಪದ್ಧತಿಯಲ್ಲಿ ಭಾವಕ್ರಿಯೆಯೆಂದು ಕರೆದಿರುವುದೂ, ಮಾಡುತ್ತಿರುವ ಕೆಲಸದಲ್ಲಿ ಅರಿವು ಕೂಡಿರಬೇಕೆಂಬ ಈ ಪ್ರಾಚೀನ ಅಭಿಪ್ರಾಯವನ್ನೇ.

ಪಂಪನು ಈ ವಿಚಾರವನ್ನು ಒಂದು ಸನ್ನಿವೇಶಕ್ಕೆ ಮಾತ್ರ ಇಟ್ಟುಕೊಂಡಿಲ್ಲ. ನೀಲಾಂಜನೆಯ ಪ್ರಸಂಗವನ್ನು ಬಿಡಿಯಾಗಿ ಓದುವವರಿಗೆ ಇದು ಕಾಣದು. ಭವಾವಳಿಯೊಡನೆ ಕೂಡಿಸಿ ಓದಿದಲ್ಲಿ ಕಂಡೀತು. ಆದಿದೇವನ ಜೀವವೇ ಹಿಂದಿನ ಒಂದು ಭವದಲ್ಲಿ ಲಲಿತಾಂಗನೆಂಬ ದೇವನಾಗಿತ್ತು. ಅವನಿಗೆ ಮರಣವು ಸೂಚನೆ ಕೊಟ್ಟೇ ಬಂದಿತು. ಆರು ತಿಂಗಳು ಮುಂಚಿತವಾಗಿ ಕೊರಳ ಮಾಲೆ ಬಾಡಿತು, ಆಭರಣಗಳ ಕಾಂತಿ ಕುಂದಿತು. ಅಷ್ಟು ಅವಕಾಶವಿದ್ದರೂ ಲಲಿತಾಂಗನು ಮೊದಲು ಮಾಡಿದ್ದು ಸ್ವಯಂಪ್ರಭೆಯನ್ನು ಅಗಲಬೇಕಲ್ಲಾ ಎಂದು ಶೋಕಿಸಿದ್ದು. ಜೊತೆಯ ದೇವರು ಸಂತೈಸಿದ ಮೇಲಷ್ಟೆ ಅವನ ಮನಸ್ಸು ಜಿನಪೂಜೆಗೆ ತಿರುಗಿತು.

ಅದೇ ಜೀವ ವಜ್ರಜಂಘನಾಗಿ, ಸ್ವಯಂಪ್ರಭೆಯೇ ಶ್ರೀಮತಿಯಾಗಿ ಮತ್ತೆ ಕೂಡಿದರು. ಈ ಸಲ ಮರಣವು ಸೂಚನೆಯಿಲ್ಲದೆ ಬಂದಿತು. ಶಯ್ಯಾಗೃಹದಲ್ಲಿ ಧೂಪ ಹಾಕಿದ ಸೇವಕರು ಗವಾಕ್ಷಗಳನ್ನು ತೆರೆಯಲು ಮರೆತರು. ಸುಗಂಧದ ಹೊಗೆ ಒಳಗೇ ಸುತ್ತಿ, ಅಪ್ಪಿ ಮಲಗಿದ್ದ ದಂಪತಿಗಳ ಉಸಿರು ನಿಂತಿತು. ಪಂಪನ ಓದುಗರು ಈ ಭಾಗವನ್ನು ಪ್ರೇಮದ ಪರಾಕಾಷ್ಠೆಯೆಂದು ಕೊಂಡಾಡುತ್ತ ಬಂದಿದ್ದಾರೆ. ಕವಿಯ ಮಾತಿನ ಸೊಗಸು ಹಾಗಿದೆ. ಆದರೆ ಪ್ರಮಾದದ ಕಣ್ಣಿನಿಂದ ನೋಡಿದರೆ ಇಡೀ ಕಾವ್ಯದಲ್ಲಿ ಇದಕ್ಕಿಂತ ಭಯಂಕರವಾದ ಮರಣವಿಲ್ಲ. ಹೊರಗೆ ಸೇವಕರ ಮರೆವು, ಒಳಗೆ ಭೋಗದ ಮರೆವು. ಕಿಟಕಿಯ ಒಂದು ಬಾಗಿಲು ತೆರೆದಿದ್ದರೆ ಆಗುತ್ತಿರಲಿಲ್ಲ ಎಂಬಷ್ಟು ಸಣ್ಣ ಕಾರಣ. ಇದಕ್ಕೆ ಮುಂಚೆಯೇ ಶ್ರೀಮತಿಯ ತಂದೆ ವಜ್ರದಂತ ಚಕ್ರವರ್ತಿಗೆ ತಾವರೆಯೊಳಗೆ ಸತ್ತ ದುಂಬಿಯನ್ನು ಕಂಡು ವೈರಾಗ್ಯ ಹುಟ್ಟಿದ ಕಥೆ ಬಂದಿದೆ. ಗಂಧಕ್ಕೆ ಸೋತು, ಹೂ ಮುಚ್ಚಿಕೊಂಡುದನ್ನು ಅರಿಯದೆ ಸತ್ತ ದುಂಬಿಯದು. ಮಾವನು ಕಂಡು ಎಚ್ಚೆತ್ತುದನ್ನು ಅಳಿಯನೂ ಮಗಳೂ ತಮ್ಮ ದೇಹದಲ್ಲಿಯೇ ಅನುಭವಿಸಿದರು. ಈ ಎರಡು ಘಟನೆಗಳ ಸಾಮ್ಯವನ್ನು ಓದುಗನಿಗೆ ಎತ್ತಿ ತೋರಿಸದೆ ಬಿಟ್ಟಿರುವುದು ಕಾವ್ಯದ ಘನತೆ.

ಹೀಗೆ ನೋಡಿದಾಗ ನೀಲಾಂಜನೆಯ ಸಭೆಯಲ್ಲಿ ಕುಳಿತಿರುವವನು ಯಾರೆಂಬುದು ಬೇರೆಯೇ ಅರ್ಥ ಪಡೆಯುತ್ತದೆ. ಆರು ತಿಂಗಳ ಸೂಚನೆಯಿದ್ದೂ ಮೊದಲು ಅಳಲಿಗೆ ಬಿದ್ದ ಜೀವ ಅದು. ಸುಗಂಧದ ನಡುವೆ ತನ್ನ ಮರಣವನ್ನೇ ಅರಿಯದೆ ಹೋದ ಜೀವ ಅದು. ಭವಭವಾಂತರಗಳ ಅಭ್ಯಾಸದಿಂದ ಮಾಗಿ ಬಂದು, ಈಗ ಪರರ ಮರಣವನ್ನು, ಅದೂ ಮುಚ್ಚಿಟ್ಟ ಮರಣವನ್ನು, ಒಂದು ನಿಮಿಷಾರ್ಧದಲ್ಲಿ ಹಿಡಿಯಿತು. ಎರಡನೆಯ ನೀಲಾಂಜನೆ ಸ್ವಾಮಿಯ ಪಾಲಿಗೆ ತೆರೆದ ಗವಾಕ್ಷವಾದಳು.

ಕವಿಯ ನಿರೂಪಣಾ ಕ್ರಮವನ್ನು ಕುರಿತು ಒಂದು ಮಾತು. ನರ್ತಕಿಯ ಪ್ರವೇಶವನ್ನೂ ಅಭಿನಯವನ್ನೂ ಪಂಪನು ನಾಟ್ಯಶಾಸ್ತ್ರ ಬಲ್ಲವನ ಸಂಭ್ರಮದಿಂದ ವಿಸ್ತರಿಸಿ ವರ್ಣಿಸುತ್ತಾನೆ. ವೈರಾಗ್ಯದ ಕಥೆಯಲ್ಲಿ ಇಷ್ಟು ಶೃಂಗಾರವೇಕೆಂದು ಮುಖ ಸಿಂಡರಿಸುವ ಧರ್ಮಭೀರುಗಳು ಇಂದಿಗೂ ಇದ್ದಾರೆ. ಅವರು ಆ ಭಾಗವನ್ನು ಹಾರಿಸಿ ಓದಿದರೆ ನಷ್ಟ ಅವರದೇ. ವರ್ಣನೆಯಲ್ಲಿ ಓದುಗನು ಮೈಮರೆಯದಿದ್ದರೆ ಆ ಸಭೆಯಲ್ಲಿ ಅವನಿಗೆ ಆಸನವೇ ಇಲ್ಲದಂತಾಗುತ್ತದೆ. ಮೈಮರೆತವನಿಗೆ ಅಳಿವಿನ ಸುದ್ದಿ ಥಟ್ಟನೆ ತಗುಲುತ್ತದೆ. ಮಥುರೆಯ ಕಂಕಾಲಿ ತಿಲಾದಲ್ಲಿ ದೊರೆತು ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿಸ್ತಪೂರ್ವ ಕಾಲದ್ದೆಂದು ಎಣಿಸಲಾಗುವ ಒಂದು ಶಿಲಾಫಲಕವನ್ನು ನೀಲಾಂಜನೆಯ ನೃತ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಲಿನಲ್ಲಿ ನರ್ತಕಿಯನ್ನೂ ವಾದ್ಯಗಾರರನ್ನೂ ಕಡೆಯಬಹುದು. ಒಬ್ಬಳು ಹೋಗಿ ಇನ್ನೊಬ್ಬಳು ಬಂದ ಸಂಧಿಯನ್ನು ಕಡೆಯಲಾಗದು. ಕಾಲದಲ್ಲಿ ಸಾಗುವ ಕಾವ್ಯಕ್ಕೆ ಮಾತ್ರ ಅದು ಸಾಧ್ಯ.

ಹೀಗಿದ್ದರೂ ಪ್ರಸಂಗದ ಮುಂದಿನ ಭಾಗ ಇದೇ ಎತ್ತರದಲ್ಲಿದೆಯೆಂದು ಹೇಳಲಾಗದು. ಸ್ತ್ರೀರೂಪವೊಂದು ಯಂತ್ರ, ನೋಡುತ್ತಿರುವಂತೆಯೇ ಅದು ಕರಗಿತು ಎಂದು ಸ್ವಾಮಿ ಚಿಂತಿಸುತ್ತಾನೆ. ಈ ಹೋಲಿಕೆ ಜಿನಸೇನರಲ್ಲಿಯೂ ಇದೆ. ಪಂಪನು ಅದನ್ನು ಕನ್ನಡದ ನುಡಿಗೆ ಬಹು ಚೆನ್ನಾಗಿ ಇಳಿಸಿಕೊಂಡಿದ್ದಾನೆ. ನೋಡುತ್ತಿರುವಾಗಲೇ ಎಂಬ ಮಾತಿನಲ್ಲಿ ಪ್ರಸಂಗದ ಸಾರವೇ ಅಡಗಿದೆ. ಆದರೆ ಅನಂತರ ಬರುವ ಸಂಸಾರನಿಂದೆ, ದೇಹನಿಂದೆಗಳು ಪುರಾಣಗಳಲ್ಲಿ ಎಲ್ಲೆಡೆ ಕಾಣುವಂಥವು. ಈ ಒಂದು ಘಟನೆಯಿಂದಲೇ ಹೊಮ್ಮಿದವೆಂದು ಅನಿಸುವುದಿಲ್ಲ. ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆಯೊಂದು ಉಳಿಯುತ್ತದೆ. ಇಂದ್ರನು ನೀಲಾಂಜನೆಯನ್ನು ಕೊಲ್ಲಲಿಲ್ಲ, ಅವಳ ಆಯುಃಕರ್ಮವೇ ತೀರಿತು, ನಿಜ. ಆದರೆ ತೀರುವುದನ್ನು ಬಲ್ಲವನು ಅವಳನ್ನೇ ಆರಿಸಿ ರಂಗಕ್ಕೆ ಕಳುಹಿಸಿದನು; ತೀರಿದ ಮೇಲೆ ಆ ಅಳಿವನ್ನು ಮರೆಮಾಡಿದನು. ಅಂತ್ಯಕಾಲದ ಪರಿಣಾಮಕ್ಕೆ ಇಷ್ಟು ಬೆಲೆ ಕೊಟ್ಟಿರುವ, ಸಮಾಧಿಮರಣಕ್ಕಾಗಿ ಬೆಟ್ಟಗಳನ್ನೇ ಮೀಸಲಿಟ್ಟಿರುವ ಧರ್ಮದ ಓದುಗನು, ಆ ಜೀವದ ಕೊನೆಯ ಗಳಿಗೆ ಏನಾಯಿತೆಂದು ಕೇಳಬೇಕಾಗುತ್ತದೆ. ಲಲಿತಾಂಗನನ್ನು ಸಂತೈಸಲು ದೇವತೆಗಳಿದ್ದರು. ಸ್ವಾಮಿಯ ಪ್ರಬೋಧವೆಂಬ ಮಹತ್ಕಾರ್ಯದ ಮುಂದೆ ಇದು ಸಣ್ಣದೆನ್ನುವವರು ಇರಬಹುದು. ಜೀವದಯೆಯಲ್ಲಿ ಸಣ್ಣದು, ದೊಡ್ಡದು ಎಂಬ ತಾರತಮ್ಯವನ್ನು ಸಿದ್ಧಾಂತ ಒಪ್ಪುವುದಿಲ್ಲ. ಕಾವ್ಯದ ನಡೆ ಈ ಪ್ರಶ್ನೆಯತ್ತ ಹೊರಳದೆ ಮುಂದೆ ಸಾಗುತ್ತದೆ.

ಕ್ಷಣದ ಅರಿವನ್ನು ಕುರಿತು ಇನ್ನೊಂದು ಎಚ್ಚರಿಕೆಯೂ ಅವಶ್ಯ. ವರ್ತಮಾನ ಪರ್ಯಾಯವನ್ನು ಮಾತ್ರ ಹಿಡಿಯುವ ದೃಷ್ಟಿಗೆ ಋಜುಸೂತ್ರನಯವೆಂದು ಹೆಸರು. ನಯವಾಗಿ ಅದು ಯುಕ್ತ. ಅದೊಂದೇ ಸತ್ಯವೆಂದರೆ ಏಕಾಂತವಾಗಿ ಕ್ಷಣಿಕವಾದಕ್ಕೆ ಜಾರುತ್ತದೆ. ನೀಲಾಂಜನೆಯ ಪರ್ಯಾಯ ಅಳಿಯಿತು, ಅವಳ ಜೀವದ್ರವ್ಯ ಅಳಿಯಲಿಲ್ಲ. ರೂಪ ಮುಂದುವರಿಯಿತು, ಆ ರೂಪದಲ್ಲಿ ಆ ಜೀವವಿರಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುದರಿಂದ ಸ್ವಾಮಿಯ ಅರಿವು ಬರಿಯ ವಿಷಾದವಾಗದೆ ನಿರ್ಣಯವಾಯಿತು. ಕುಂದಕುಂದಾಚಾರ್ಯರು ‘ಸಮಯಸಾರ’ದಲ್ಲಿ ಗತಕಾಲದ ದೋಷಕ್ಕೆ ಪ್ರತಿಕ್ರಮಣವನ್ನೂ, ಬರುವ ಕಾಲದ್ದಕ್ಕೆ ಪ್ರತ್ಯಾಖ್ಯಾನವನ್ನೂ, ಈಗ ಉದಯದಲ್ಲಿರುವುದಕ್ಕೆ ಆಲೋಚನೆಯನ್ನೂ ಹೇಳಿದ್ದಾರೆ. ವ್ಯಾಪಾರಿ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಬಾಕಿಯನ್ನು ತೀರಿಸುವುದೂ, ಮುಂದೆ ಸಾಲ ಮಾಡೆನೆಂದು ನಿಶ್ಚಯಿಸುವುದೂ ಎಷ್ಟು ಮುಖ್ಯವೋ, ಅಂದಿನ ಕಿರ್ದಿಯನ್ನು ಅಂದೇ ಬರೆಯುವುದು ಅಷ್ಟೇ ಮುಖ್ಯ. ಕಿರ್ದಿ ಬಿಟ್ಟುಹೋದ ಅಂಗಡಿಯಲ್ಲಿ ಖಾತೆಯ ಪುಸ್ತಕ ಎಷ್ಟು ಅಂದವಾಗಿದ್ದರೂ ನಂಬಲಾಗದು. ಸಾಮಾಯಿಕವ್ರತದ ಅತಿಚಾರಗಳಲ್ಲಿ ಮನೋವಾಕ್ಕಾಯಗಳ ದುಷ್ಪ್ರವೃತ್ತಿಯ ಜೊತೆಗೆ ಅನಾದರವನ್ನೂ, ಸ್ಮೃತ್ಯನುಪಸ್ಥಾನವನ್ನೂ ಸೇರಿಸಿರುವುದು ಇದೇ ಕಾರಣದಿಂದ. ಎರಡು ಗಳಿಗೆ, ಎಂದರೆ ನಲವತ್ತೆಂಟು ನಿಮಿಷ, ಆಸನ ಕದಲದೆ ಕುಳಿತರೂ ಏನು ಮಾಡುತ್ತಿರುವೆನೆಂಬ ನೆನಪು ತಪ್ಪಿದರೆ ವ್ರತಕ್ಕೆ ದೋಷ ತಗುಲಿತು. ಮುನಿಗಳ ವಿಷಯದಲ್ಲಿಯೂ ಅಪ್ರಮತ್ತವೆಂಬ ಏಳನೆಯ ಗುಣಸ್ಥಾನದ ಕಾಲ ಅಂತರ್ಮುಹೂರ್ತ ಮಾತ್ರ. ಆರಕ್ಕೂ ಏಳಕ್ಕೂ ನಡುವೆ ಅವರು ಮತ್ತೆ ಮತ್ತೆ ಏರಿಳಿಯುತ್ತಿರುತ್ತಾರೆ. ಕ್ಷಣದ ಅರಿವನ್ನು ಒಮ್ಮೆ ಗಳಿಸಿ ತಿಜೋರಿಯಲ್ಲಿಡುವ ಸೊತ್ತೆಂದು ಯಾವ ಆಚಾರ್ಯರೂ ಹೇಳಿಲ್ಲ.

ಕೊನೆಯದಾಗಿ ಬಸದಿಗಳ ವ್ಯವಸ್ಥಾಪಕ ಸಮಿತಿಗಳು ಪರಿಶೀಲಿಸಬೇಕಾದ ಒಂದು ವಿಷಯ. ಪಂಚಕಲ್ಯಾಣ ಮಹೋತ್ಸವಗಳಲ್ಲಿ ದೀಕ್ಷಾಕಲ್ಯಾಣದ ದಿನ ನೀಲಾಂಜನೆಯ ನೃತ್ಯವನ್ನು ವೇದಿಕೆಯ ಮೇಲೆ ಆಡಿ ತೋರಿಸುವ ವಾಡಿಕೆ ಇದೆ. ವಾಡಿಕೆ ಉತ್ತಮವಾದುದೇ. ಆದರೆ ಅನೇಕ ಕಡೆ ನಡೆಯುವ ರೀತಿ ಇದು: ನರ್ತಕಿ ಕುಸಿದು ಬೀಳುತ್ತಾಳೆ, ದೀಪಗಳು ಆರುತ್ತವೆ, ಧ್ವನಿವರ್ಧಕದಲ್ಲಿ ನೀಲಾಂಜನೆಯ ಆಯುಷ್ಯ ತೀರಿತೆಂದು ಘೋಷಣೆಯಾಗುತ್ತದೆ, ಕರುಣಾಜನಕ ವಾದ್ಯ ಮೊಳಗುತ್ತದೆ. ಮತ್ತೆ ಬೆಳಕು ಬಂದಾಗ ಎರಡನೆಯ ಹುಡುಗಿ ನಿಂತಿರುತ್ತಾಳೆ. ಸಭೆಗೆ ಸಭೆಯೇ ಎಲ್ಲವನ್ನೂ ಕಂಡಂತಾಯಿತು. ಕಾಣದಿರುವವನು ಯಾರೂ ಉಳಿಯಲಿಲ್ಲ. ಇಂದ್ರನು ಯಾವುದನ್ನು ಬಚ್ಚಿಟ್ಟನೋ ಅದನ್ನೇ ಸಾರಿ ಹೇಳಿದ ಮೇಲೆ ಆದಿನಾಥನ ಪಾತ್ರಧಾರಿಗೆ ಕಾಣಲು ಏನು ಉಳಿಯಿತು? ಎತ್ತರದಲ್ಲಿ, ಉಡುಗೆಯಲ್ಲಿ ಒಂದೇ ತೆರನಾದ ಇಬ್ಬರು ಬಾಲಕಿಯರನ್ನು ತಿದ್ದಿ, ಕಂಬದ ಮರೆಯಲ್ಲೋ ಸಖಿಯರ ಸುತ್ತಿನಲ್ಲೋ ಒಬ್ಬಳು ಸರಿದು ಇನ್ನೊಬ್ಬಳು ಬರುವಂತೆ ಮಾಡಿ, ತಾಳವನ್ನು ಒಂದು ಮಾತ್ರೆಯೂ ತಪ್ಪಿಸದೆ ನಡೆಸಿದರೆ ಸಾಕು. ಘೋಷಣೆ ಬೇಡ. ನರ್ತನ ಮುಗಿದ ಮೇಲೆ ಸಿಂಹಾಸನದಿಂದ ಸ್ವಾಮಿಯ ಪಾತ್ರಧಾರಿ ಏಳಲಿ. ಏಕೆ ಎದ್ದನೆಂದು ಜನ ಒಬ್ಬರನ್ನೊಬ್ಬರು ಕೇಳಲಿ. ಫೋನುಗಳಲ್ಲಿ ಚಿತ್ರ ತೆಗೆದವರು ಮನೆಗೆ ಹೋಗಿ ಹಿಂದೆ ಮುಂದೆ ಓಡಿಸಿ ಆ ಸಂಧಿಯನ್ನು ಹುಡುಕಿಕೊಳ್ಳಲಿ. ಇಂದ್ರನ ಪಾತ್ರವನ್ನು ಸವಾಲಿನಲ್ಲಿ ಹಿಡಿದ ಶ್ರೇಷ್ಠಿಗಳಿಗೆ ಇದರಿಂದ ಮೆರವಣಿಗೆಯ ಸೊಬಗು ಸ್ವಲ್ಪ ಕಡಿಮೆಯಾದೀತು. ಆದರೂ ಚಿಂತೆಯಿಲ್ಲ.

ಆ ದಿನ ಸ್ವಾಮಿಯೊಡನೆ ನಾಲ್ಕು ಸಾವಿರ ಅರಸರು ದೀಕ್ಷೆ ಹಿಡಿದರೆಂದು ಪುರಾಣ ಹೇಳುತ್ತದೆ. ಅವರು ಸ್ವಾಮಿ ಕಂಡುದನ್ನು ಕಂಡವರಲ್ಲ. ಸ್ವಾಮಿಯ ಮೇಲಣ ಭಕ್ತಿಯಿಂದ, ಅವನು ಮಾಡಿದಂತೆ ಮಾಡಿದವರು. ಸ್ವಾಮಿಯು ಆರು ತಿಂಗಳು ಕಾಯೋತ್ಸರ್ಗದಲ್ಲಿ ನಿಂತನು. ಅರಸರಿಗೆ ಎರಡು ಮೂರು ತಿಂಗಳಿಗೇ ಹಸಿವು ಬಾಯಾರಿಕೆಗಳು ಮೀರಿದವು. ಊರಿಗೆ ಮರಳಲು ಭರತನ ಭಯ. ಕಾಡಿನ ಗೆಡ್ಡೆ ಹಣ್ಣುಗಳಿಗೂ ಕೆರೆಯ ನೀರಿಗೂ ಕೈಹಾಕಿದರು. ಈ ದಿಗಂಬರ ವೇಷದಲ್ಲಿ ಹೀಗೆ ಮಾಡಬಾರದೆಂದು ವನದೇವತೆಗಳು ತಡೆದಾಗ, ಅವರು ನಾರುಮಡಿಯನ್ನುಟ್ಟು ತಮಗೆ ತೋಚಿದ ವೇಷಗಳನ್ನು ತಾಳಿದರು.